ಮಾಟವೋ, ಯಂತ್ರವೋ? - ವಿಜಯಪುರದ ನೆಲದಲ್ಲಿ ಒಂದು ಕಥಾಪ್ರಕಾರದ ಬೇರುಗಳು



ವಿಜಯಪುರ ನಗರದ ಮಗ್ಗುಲಲ್ಲಿ ಭೂತನಾಳ ಎಂಬ ಸ್ಥಳವಿದೆ. ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆಯೊಂದು ಅಲ್ಲಿರುವುದರಿಂದ ಆ ಹೆಸರು ಜಿಲ್ಲೆಯವರಿಗೆಲ್ಲ ಪರಿಚಿತ. ಹೆಸರನ್ನು ಒಮ್ಮೆ ಬಿಡಿಸಿ ಓದಿ ನೋಡಿ. ‘ನಾಳ’ ಎಂದರೆ ಕೊಳವೆ. ‘ಭೂತ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಮೂರು ಅರ್ಥಗಳಿವೆ: ದೆವ್ವ, ಕಳೆದುಹೋದ ಕಾಲ, ಮತ್ತು ನೆಲ, ನೀರು, ಬೆಂಕಿ, ಗಾಳಿ, ಆಕಾಶ ಎಂಬ ಪಂಚಭೂತಗಳು. ಇದು ಊರ ಹೆಸರಿನ ವ್ಯುತ್ಪತ್ತಿಯಲ್ಲ, ಕಿವಿಗೆ ಬೀಳುವ ಅರ್ಥ ಮಾತ್ರ. ಆದರೂ ದೆವ್ವ, ಇತಿಹಾಸ, ಪ್ರಕೃತಿ ಮತ್ತು ಮನುಷ್ಯ ಮಾಡಿದ ಕೊಳವೆ ಇವೆಲ್ಲ ಒಂದೇ ಹೆಸರಿನಲ್ಲಿ ಬಂದು ಕೂತಿವೆ. ಇಂದು ನಾವು ಚರ್ಚಿಸಲಿರುವ ಕಥಾಪ್ರಕಾರವೂ ಹೀಗೆಯೇ ಇದೆ.

ಮಾಯಾಮಂತ್ರ ಮತ್ತು ಯಂತ್ರವಿಜ್ಞಾನ ಎರಡನ್ನೂ ಬೆರೆಸಿ ಎಳೆಯ ಓದುಗರಿಗಾಗಿ ಬರೆಯುವ ವಿಜ್ಞಾನ ಕಥೆಗಳು ಇಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿವೆ. ಮಂತ್ರದಂಡ ಹಿಡಿದ ಹುಡುಗಿ ಗಣಕಯಂತ್ರವನ್ನೂ ಬಲ್ಲವಳಾಗಿರುತ್ತಾಳೆ. ಅಂತರಿಕ್ಷನೌಕೆಯಲ್ಲಿ ಹೋಗುವವನ ಕೈಯಲ್ಲಿ ತಾಯಿತವೂ ಇರುತ್ತದೆ. ಇದನ್ನು ಕಂಡ ಹಿರಿಯರು ಎರಡು ಬಗೆಯ ಮಾತನ್ನು ಆಡುವುದುಂಟು. ಒಂದು, ‘ಇದು ಪರದೇಶದಿಂದ ಬಂದ ಹವ್ಯಾಸ’ ಎಂದು. ಇನ್ನೊಂದು, ‘ವಿಜ್ಞಾನದೊಡನೆ ಮಾಟವನ್ನು ಬೆರೆಸಿದರೆ ಮಕ್ಕಳ ತಲೆ ಕೆಡುತ್ತದೆ’ ಎಂದು. ಈ ಎರಡು ಮಾತುಗಳನ್ನೂ ವಿಜಯಪುರದ ಇತಿಹಾಸವನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸೋಣ. ಹಿಂದೆ ಬಿಜಾಪುರವೆಂದು ಕರೆಸಿಕೊಳ್ಳುತ್ತಿದ್ದು, 2014ರಿಂದ ಅಧಿಕೃತವಾಗಿ ವಿಜಯಪುರವಾಗಿರುವ ಈ ನಗರದಲ್ಲಿ ಮಾಟ ಮತ್ತು ಯಂತ್ರಗಳ ನಡುವಿನ ಗೆರೆ ಎಲ್ಲಿ ಮೂಡಿತು, ಎಲ್ಲಿ ಅಳಿಸಿಹೋಯಿತು ಎಂಬುದನ್ನು ಕಲ್ಲು, ಕಂಚು ಮತ್ತು ನೀರಿನಲ್ಲಿಯೇ ನೋಡಬಹುದು.

ಬೇರೆಡೆಯ ಕಥೆ

ಮೊದಲು ಹೊರಗಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿಬಿಡುವೆ. ಆಧುನಿಕ ವಿಜ್ಞಾನ ಕಾದಂಬರಿಯ ಮೂಲವೆಂದು ಹಲವರು ಹೇಳುವುದು 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕೃತಿಯನ್ನು. ಅದನ್ನು ಬರೆಯತೊಡಗಿದಾಗ ಆಕೆಗೆ ಕೇವಲ 18 ವರ್ಷ, ಅಂದರೆ ನಿಮ್ಮಲ್ಲಿ ಅನೇಕರ ವಯಸ್ಸು. ಕಥಾನಾಯಕನು ಬಾಲ್ಯದಲ್ಲಿ ಓದುವುದು ರಸವಾದಿಗಳ, ಮಂತ್ರವಾದಿಗಳ ಹಳೆಯ ಗ್ರಂಥಗಳನ್ನು. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವನಿಗೆ ರಸಾಯನಶಾಸ್ತ್ರದ ಪರಿಚಯವಾಗುತ್ತದೆ. ಹಳೆಯ ಕನಸು, ಹೊಸ ಸಾಧನ ಇವೆರಡೂ ಕೂಡಿದಾಗ ಅವನು ಜೀವವನ್ನು ಸೃಷ್ಟಿಸುತ್ತಾನೆ. ಸೃಷ್ಟಿಸಿದ್ದರ ಹೊಣೆ ಹೊರಲಾರದೆ ಓಡಿಹೋಗುತ್ತಾನೆ. 1962ರಲ್ಲಿ ಅಮೆರಿಕದ ಮ್ಯಾಡಲಿನ್ ಲೆಂಗಲ್ ‘ಎ ರಿಂಕಲ್ ಇನ್ ಟೈಮ್’ ಎಂಬ ಕಿರಿಯರ ಕಾದಂಬರಿ ಬರೆದಳು. ಅದರಲ್ಲಿ ಮಾಟಗಾತಿಯರಂತೆ ತೋರುವ ಮೂವರು ಮುದುಕಿಯರು ಮಕ್ಕಳನ್ನು ಗ್ರಹದಿಂದ ಗ್ರಹಕ್ಕೆ ಒಯ್ಯುತ್ತಾರೆ. ಆ ಪ್ರಯಾಣಕ್ಕೆ ಕೊಡುವ ವಿವರಣೆ ಮಾತ್ರ ರೇಖಾಗಣಿತದ್ದು.

ನಮ್ಮ ದೇಶದಲ್ಲಿಯೂ ಈ ಬೆರಕೆ ಹೊಸದಲ್ಲ. 1888ರಲ್ಲಿ ದೇವಕೀನಂದನ ಖತ್ರಿ ಹಿಂದಿಯಲ್ಲಿ ‘ಚಂದ್ರಕಾಂತಾ’ ಬರೆದರು. 1994ರಲ್ಲಿ ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ ಅದು ಧಾರಾವಾಹಿಯಾಗಿ ಬಂದಾಗ ಕರ್ನಾಟಕದ ಮನೆಮನೆಗಳಲ್ಲಿಯೂ ಜನ ಅದನ್ನು ನೋಡಿದರು; ನಿಮ್ಮ ತಂದೆತಾಯಿಯರನ್ನು ಕೇಳಿದರೆ ಹೇಳುತ್ತಾರೆ. ಖತ್ರಿಯವರ ಕಥೆಯಲ್ಲಿ ಬರುವ ‘ತಿಲಿಸ್ಮ್’ ಎಂಬ ಮಾಯಾಕೋಟೆಯನ್ನು ಬಗೆಯುತ್ತ ಹೋದರೆ ಒಳಗೆ ಸಿಗುವುದು ಕೀಲು, ಚಕ್ರ, ಸನ್ನೆ, ಗುಪ್ತದ್ವಾರಗಳು. ಹೊರಗಿನಿಂದ ಮಾಟ, ಒಳಗಿನಿಂದ ಯಂತ್ರ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಬ್ರಿಟಿಷ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಕೂಡ ಬಹಳ ಮುಂದುವರಿದ ತಂತ್ರಜ್ಞಾನವು ನೋಡುವವನಿಗೆ ಮಾಟದಂತೆಯೇ ಕಾಣುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಆದರೆ ವಿಜಯಪುರ ನಮಗೆ ಕಲಿಸುವುದು ಆ ಮಾತಿನ ಇನ್ನೊಂದು ಮಗ್ಗುಲನ್ನು. ಮುಂದುವರಿದ ತಂತ್ರಕ್ಕೆ ಮಾತ್ರ ಹೀಗಾಗುವುದಿಲ್ಲ. ಮರೆತುಹೋದ ತಂತ್ರವೂ ಮಾಟವಾಗುತ್ತದೆ.

ಒಂದೇ ಗ್ರಂಥದಲ್ಲಿ ಎರಡೂ

ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ‘ಲೋಕೋಪಕಾರ’ ಎಂಬ ಗ್ರಂಥವನ್ನು ರಚಿಸಿದ. (ಗೊಮ್ಮಟನ ವಿಗ್ರಹ ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಬೀಜಕ್ಕೆ ಯಾವ ಉಪಚಾರ ಮಾಡಬೇಕು, ನೆಲದಡಿಯ ನೀರನ್ನು ಹೇಗೆ ಗುರುತಿಸಬೇಕು, ಅಡುಗೆ, ಸುಗಂಧದ್ರವ್ಯ, ದನಕರುಗಳ ಚಿಕಿತ್ಸೆ, ವಿಷಕ್ಕೆ ಮದ್ದು ಎಲ್ಲವೂ ಅದರಲ್ಲಿವೆ. ಅವುಗಳ ಜೊತೆಗೆ ಶಕುನ, ಮುಹೂರ್ತ, ಜ್ಯೋತಿಷಗಳೂ ಇವೆ. ಗ್ರಂಥಕರ್ತನಿಗೆ ಇವು ಎರಡು ಬೇರೆ ಬೇರೆ ವಿಭಾಗಗಳೆಂದು ತೋರಲಿಲ್ಲ. ಲೋಕಕ್ಕೆ ಉಪಕಾರವಾಗುವುದೆಲ್ಲವೂ ಅವನ ಪಾಲಿಗೆ ವಿದ್ಯೆಯೇ.

ಐದೂವರೆ ಶತಮಾನಗಳ ನಂತರ ವಿಜಯಪುರದಲ್ಲಿ ಇಂಥದೇ ಇನ್ನೊಂದು ಗ್ರಂಥ ಸಿದ್ಧವಾಯಿತು. ಅದರ ಹೆಸರು ‘ನುಜೂಮ್-ಉಲ್-ಉಲೂಮ್’, ಎಂದರೆ ‘ವಿದ್ಯೆಗಳ ನಕ್ಷತ್ರಗಳು’. ಕಾಲ 1570, ಅಂದರೆ ತಾಳೀಕೋಟೆಯ ಯುದ್ಧ ನಡೆದು ಐದು ವರ್ಷಗಳಾಗಿದ್ದವು. ಸಿಂಹಾಸನದ ಮೇಲಿದ್ದವನು ಒಂದನೆಯ ಅಲಿ ಆದಿಲ್ ಶಾಹ. ಗ್ರಂಥವನ್ನು ಆ ಅರಸನೇ ಬರೆದಿರಬೇಕೆಂದು ಇತಿಹಾಸಜ್ಞೆ ಎಮ್ಮಾ ಫ್ಲಾಟ್ 2011ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದ್ದಾರೆ. ಪಾರಸಿ ಭಾಷೆಯ ಈ ಗ್ರಂಥದಲ್ಲಿ ನೂರಾರು ವರ್ಣಚಿತ್ರಗಳಿವೆ. ಒಂದು ಭಾಗದಲ್ಲಿ ಗ್ರಹಗಳು, ರಾಶಿಗಳು, ಅವುಗಳ ಅಧಿದೇವತೆಗಳು. ಇನ್ನೊಂದರಲ್ಲಿ ‘ರೂಹಾನಿ’ ಎಂದು ಕರೆದ ಶಕ್ತಿದೇವತೆಗಳು, ಅವರನ್ನು ಒಲಿಸಿಕೊಳ್ಳುವ ಮಂತ್ರ ಮತ್ತು ಯಂತ್ರಗಳು. ಮತ್ತೊಂದರಲ್ಲಿ ಆಯುಧಗಳು, ಆನೆ ಕುದುರೆಗಳ ಲಕ್ಷಣಗಳು. ನಮ್ಮ ಯೋಗಿನಿಯರ ಪರಂಪರೆಯೂ ಇಸ್ಲಾಮೀ ಜ್ಯೋತಿಷವೂ ಒಂದೇ ಹಾಳೆಯ ಮೇಲೆ ಕಾಣಿಸುತ್ತವೆ. ಈ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿರುವ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಇಲ್ಲಿ ‘ಯಂತ್ರ’ ಎಂಬ ನಮ್ಮ ಶಬ್ದವನ್ನು ನೀವು ಗಮನಿಸಬೇಕು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಕೊರಳಿಗೆ ಕಟ್ಟಿಕೊಳ್ಳುವುದೂ ಯಂತ್ರವೇ, ಹಿಟ್ಟಿನ ಗಿರಣಿಯಲ್ಲಿ ತಿರುಗುವುದೂ ಯಂತ್ರವೇ. ‘ತಂತ್ರ’ ಎಂಬ ಶಬ್ದದ ಕಥೆಯೂ ಹಾಗೆಯೇ: ತಾಂತ್ರಿಕ ಎಂದರೆ ಮಾಂತ್ರಿಕನ ನೆಂಟನೂ ಹೌದು, ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಯೂ ಹೌದು. ಮಾಯೆ ಮತ್ತು ತಂತ್ರಜ್ಞಾನಗಳನ್ನು ಬೆರೆಸಿ ಕಥೆ ಬರೆಯಲು ಕನ್ನಡಿಗನು ಪರಭಾಷೆಯ ಬಾಗಿಲು ತಟ್ಟಬೇಕಾಗಿಲ್ಲ. ನಮ್ಮ ನಿಘಂಟೇ ಅವನಿಗೆ ಅರ್ಧ ದಾರಿ ತೋರಿಸುತ್ತದೆ.

ಫಿರಂಗಿಯ ಕಿವಿಯಲ್ಲಿ ಕೋರಿಕೆ

ಈಗ ಗ್ರಂಥದಿಂದ ಕೋಟೆಗೋಡೆಗೆ ಬರೋಣ. ವಿಜಯಪುರದ ಪಶ್ಚಿಮದ ಬುರುಜಿನ ಮೇಲೆ ‘ಮಲಿಕ್-ಎ-ಮೈದಾನ್’, ಅಂದರೆ ‘ರಣರಂಗದ ಒಡೆಯ’ ಎಂಬ ತೋಪು ಮಲಗಿದೆ. ಸುಮಾರು 14 ಅಡಿ ಉದ್ದ, ಸುಮಾರು 55 ಟನ್ ತೂಕ. ಬಾಯಿಯ ಭಾಗವನ್ನು ಸಿಂಹದ ತೆರೆದ ಬಾಯಿಯಂತೆ ಮಾಡಿ, ಅದರ ದವಡೆಯಲ್ಲಿ ಆನೆ ನಜ್ಜುಗುಜ್ಜಾಗುತ್ತಿರುವಂತೆ ಕೆತ್ತಲಾಗಿದೆ. ಗುಂಡು ಹಾರುವ ಮೊದಲೇ ಶತ್ರುವಿನ ಎದೆ ನಡುಗಬೇಕು ಎಂಬುದು ಶಿಲ್ಪಿಯ ಉದ್ದೇಶ.

ಈ ತೋಪಿನ ಸುತ್ತ ನಂಬಿಕೆಗಳು ಬೆಳೆದಿವೆ. ಅದನ್ನು ಮುಟ್ಟಿ ಮನದ ಕೋರಿಕೆ ಹೇಳಿಕೊಂಡರೆ ಈಡೇರುತ್ತದೆ ಎನ್ನುತ್ತಾರೆ. ಅದನ್ನು ಹಾರಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಕಥೆಯೂ ಇದೆ. ತೋಪನ್ನು ತಟ್ಟಿದರೆ ಗಂಟೆಯ ನಾದ ಬರುವುದಂತೂ ಜನರಿಗೆ ಸದಾ ಬೆರಗು.

ಆದರೆ ಈ ತೋಪಿಗೆ ಜನ್ಮಪತ್ರವಿದೆ. ಅದನ್ನು ತೋಪಿನ ಮೈಮೇಲೆಯೇ ಬರೆದಿದ್ದಾರೆ. 1549ರಲ್ಲಿ ಅಹಮದನಗರದಲ್ಲಿ ನಿಜಾಮಶಾಹಿ ಅರಸನಿಗಾಗಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕದ ಕುಶಲಿ ಇದನ್ನು ತಯಾರಿಸಿದ. ‘ರೂಮಿ’ ಎಂಬ ಹೆಸರು ಅವನ ಮೂಲ ತುರ್ಕಿಯ ಕಡೆಯದೆಂದು ಸೂಚಿಸುತ್ತದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಅದು ವಿಜಯಪುರಕ್ಕೆ ಬಂದಿತು. ಎಳೆದು ತರಲು 400 ಎತ್ತು, 10 ಆನೆ ಬೇಕಾದುವೆಂದು ಪ್ರತೀತಿ. ಲೋಹವನ್ನು ಪರೀಕ್ಷಿಸಿದಾಗ ಅದರಲ್ಲಿ ತಾಮ್ರ ಸುಮಾರು 80 ಪಾಲು, ತವರ ಸುಮಾರು 20 ಪಾಲು ಎಂದು ಕಂಡುಬಂದಿದೆ. ಇದು ಹೆಚ್ಚುಕಡಿಮೆ ಗುಡಿಯ ಗಂಟೆಗೆ ಬಳಸುವ ಕಂಚೇ. ಗಂಟೆಯ ಲೋಹದಿಂದ ಮಾಡಿದ್ದು ಗಂಟೆಯಂತೆ ನುಡಿದರೆ ಅದರಲ್ಲಿ ಮಾಟವಿಲ್ಲ. ಆದರೆ 55 ಟನ್ ಕಂಚನ್ನು ಒಡಕಿಲ್ಲದೆ ಎರಕ ಹೊಯ್ದ ಮನುಷ್ಯನ ಕೈಗಾರಿಕೆ ಎಂಥದು ಎಂಬುದನ್ನು ಆ ಲೆಕ್ಕ ತಿಳಿದ ಮೇಲೆಯೇ ನಾವು ಅಳೆಯಬಲ್ಲೆವು.

ಲೆಕ್ಕ ಮರೆತರೆ ಏನಾಗುತ್ತದೆ? ವಿಜಯಪುರವು 1686ರಲ್ಲಿ ಔರಂಗಜೇಬನ ವಶವಾಯಿತು. ಆದಿಲ್‌ಶಾಹಿ ಕಾರಖಾನೆಗಳು ಚದುರಿದವು, ಊರು ಬರಿದಾಯಿತು. ಕೊನೆಗೆ 1854ರಲ್ಲಿ ಈ ತೋಪನ್ನು ಕೇವಲ 150 ರೂಪಾಯಿಗೆ ಹರಾಜು ಹಾಕಿ, ಬಳಿಕ ಆ ಮಾರಾಟವನ್ನು ರದ್ದುಪಡಿಸಲಾಯಿತು. ಒಂದು ಕಾಲದ ಅತ್ಯುನ್ನತ ತಂತ್ರಜ್ಞಾನವು ಮೂರು ಶತಮಾನಗಳ ಬಳಿಕ ಒಬ್ಬರಿಗೆ ಕೋರಿಕೆ ಈಡೇರಿಸುವ ದೇವರು, ಇನ್ನೊಬ್ಬರಿಗೆ ಗುಜರಿ ಸಾಮಾನು. ಎರಕದವನ ವಿದ್ಯೆ ಇಬ್ಬರ ಕಣ್ಣಿಗೂ ಬೀಳಲಿಲ್ಲ.

ನೆಲದಡಿಯ ನೀರು

ಮರೆವಿನ ಬೆಲೆ ಫಿರಂಗಿಗಿಂತ ಹೆಚ್ಚಾಗಿ ನೀರಿನಲ್ಲಿ ಕಾಣುತ್ತದೆ. ಮಳೆ ಕಡಿಮೆ ಬೀಳುವ ಈ ಭಾಗದಲ್ಲಿ ದೊಡ್ಡ ರಾಜಧಾನಿಯೊಂದು ಬೆಳೆದದ್ದು ಹೇಗೆ? ಉತ್ತರ ನೆಲದಡಿಯಲ್ಲಿದೆ. ಒಂದನೆಯ ಅಲಿ ಆದಿಲ್ ಶಾಹನ ಕಾಲದಿಂದ ಪಶ್ಚಿಮದ ತೊರವಿಯ ಕಡೆಯಿಂದ ನಗರಕ್ಕೆ ಸುರಂಗದ ಮೂಲಕ ನೀರು ತರುವ ವ್ಯವಸ್ಥೆ ರೂಪುಗೊಂಡಿತು. ಇದಕ್ಕೆ ಪಾರಸಿಯಲ್ಲಿ ‘ಕರೇಜ್’ ಎಂದು ಹೆಸರು. ವಿಧಾನ ಸರಳ: ಎತ್ತರದ ಜಾಗದಲ್ಲಿ ಅಂತರ್ಜಲವಿರುವಲ್ಲಿಗೆ ಸುರಂಗ ತೋಡಬೇಕು, ಅದಕ್ಕೆ ತೀರ ಸಣ್ಣ ಇಳಿಜಾರು ಕೊಡಬೇಕು, ಗಾಳಿ ಬೆಳಕಿಗಾಗಿ, ಹೂಳು ತೆಗೆಯುವುದಕ್ಕಾಗಿ ನಡುನಡುವೆ ಬಾವಿಯಂಥ ಕಿಂಡಿಗಳನ್ನು ಇಳಿಸಬೇಕು. ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ರಾಟೆ ಬೇಡ, ಎತ್ತು ಬೇಡ, ಬಿಸಿಲಿಗೆ ನೀರು ಆವಿಯಾಗುವ ಭಯವೂ ಇಲ್ಲ. ಬೀದರಿನಲ್ಲಿಯೂ ಇಂಥ ಕರೇಜ್ ಇದೆ. ಕಾಸರಗೋಡಿನ ಗುಡ್ಡಗಳಲ್ಲಿ ನಮ್ಮವರು ಅಡ್ಡಲಾಗಿ ಕೊರೆಯುವ ‘ಸುರಂಗ’ಗಳೂ ಇದೇ ತತ್ವದ ಸೋದರರು.

1651ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿ ಅಲ್ಲಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ದಾರಿಯುದ್ದಕ್ಕೂ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ ಮತ್ತೆ ಇಳಿಯುವಾಗ ಅದರ ಒತ್ತಡ ತಗ್ಗುತ್ತಿತ್ತು, ಕೆಸರು ತಳದಲ್ಲಿ ನಿಲ್ಲುತ್ತಿತ್ತು. ಒತ್ತಡ ತಗ್ಗದಿದ್ದರೆ ಮಣ್ಣಿನ ಕೊಳವೆಗಳು ಒಡೆದುಹೋಗುತ್ತಿದ್ದವು. ಈ ಗೋಪುರಗಳಲ್ಲಿ ಕೆಲವು ಇಂದಿಗೂ ವಿಜಯಪುರದಲ್ಲಿ ನಿಂತಿವೆ. ಪಕ್ಕದಲ್ಲಿಯೇ ಓಡಾಡುವವರಲ್ಲಿ ಅವು ಏಕೆ ಇವೆ ಎಂದು ಬಲ್ಲವರು ಎಷ್ಟು ಮಂದಿ? ಒಮ್ಮೆ ಕೇಳಿ ನೋಡಿ.

ಗುಪ್ತವಾಗಿ ಹರಿಯುವ ನೀರು, ಕತ್ತಲೆಯ ಕಿಂಡಿ, ಅದರೊಳಗಿಂದ ಏಳುವ ತಣ್ಣನೆಯ ಗಾಳಿ, ಎಲ್ಲೋ ಕೇಳುವ ಗುಳುಗುಳು ಸದ್ದು: ಇವನ್ನು ಕಟ್ಟಿದವನ ಲೆಕ್ಕ ತಿಳಿಯದವನಿಗೆ ಇಷ್ಟು ಸಾಕು, ಅಲ್ಲಿ ದೆವ್ವ ಬಂದು ನೆಲೆಸುತ್ತದೆ. ದೆವ್ವ ಬಂದ ಕಡೆ ಜನ ಹೋಗುವುದಿಲ್ಲ, ಜನ ಹೋಗದ ಕಡೆ ಹೂಳು ತೆಗೆಯುವವರಿಲ್ಲ. ಕಿಂಡಿ ಕಸದ ಗುಂಡಿಯಾಗುತ್ತದೆ. ಶತಮಾನಗಳ ಕಾಲ ನೀರು ಕೊಟ್ಟ ವ್ಯವಸ್ಥೆಗಳು ಹೂಳು ತುಂಬಿ ನಿಂತುಹೋದದ್ದೂ, ಅದೇ ಜಿಲ್ಲೆಯ ಜನ ಬರಗಾಲದಲ್ಲಿ ಟ್ಯಾಂಕರಿಗಾಗಿ ಕಾದದ್ದೂ ಕಾದಂಬರಿಯ ಕಲ್ಪನೆಯಲ್ಲ. ಈಚಿನ ವರ್ಷಗಳಲ್ಲಿ ತಾಜ್ ಬಾವಡಿಯಂಥ ಹಳೆಯ ಬಾವಿಗಳ ಹೂಳೆತ್ತುವ ಕೆಲಸ ನಡೆದಿರುವುದು ಸಮಾಧಾನದ ಸಂಗತಿ. ಲೆಕ್ಕವನ್ನು ಮತ್ತೆ ಓದಲು ಕಲಿತಲ್ಲಿ ದೆವ್ವ ಜಾಗ ಬಿಡುತ್ತದೆ.

ತಿಳಿದರೆ ಬೆರಗು ಕಡಿಮೆಯಾಗುವುದೇ?

‘ಹೇಗೆ ಎಂದು ತಿಳಿದುಬಿಟ್ಟರೆ ಸ್ವಾರಸ್ಯವೇ ಹೋಗುವುದಲ್ಲ?’ ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಗೋಳಗುಮ್ಮಟದ ಮೇಲಕ್ಕೆ ಹತ್ತೋಣ.

ಮುಹಮ್ಮದ್ ಆದಿಲ್ ಶಾಹನು 1656ರಲ್ಲಿ ತೀರಿಕೊಂಡ. ಅವನ ಸಮಾಧಿಯ ಮೇಲಿನ ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಚೌಕಾಕಾರದ ಗೋಡೆಗಳಿಂದ ಮೇಲೆದ್ದು ಗುಮ್ಮಟದ ಭಾರವನ್ನು ಒಳಮುಖವಾಗಿ ಹಿಡಿದುಕೊಂಡಿವೆ. ಒಳಗಿನ ಜಗಲಿಯ ಮೇಲೆ ನಿಂತು ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿದ್ದವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳಕ್ಕೂ ಹೆಚ್ಚು ಸಲ ಮರುದನಿ ಬರುತ್ತದೆ.

ಮರುದನಿಯ ಲೆಕ್ಕ ಶಾಲೆಯ ಪಾಠದಲ್ಲಿಯೇ ಇದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 38 ಮೀಟರು ಹೋಗಿ ಅಷ್ಟೇ ದೂರ ಹಿಂದಿರುಗಲು ಹತ್ತಿರ ಹತ್ತಿರ 0.22 ಸೆಕೆಂಡು ಬೇಕು. ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಂತರವಿದ್ದರೆ ನಮ್ಮ ಕಿವಿ ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಆದ್ದರಿಂದ ಪ್ರತಿಯೊಂದು ಮರುದನಿಯೂ ಬಿಡಿಯಾಗಿ ಕೇಳುತ್ತದೆ. ಪಿಸುದನಿಯ ಗುಟ್ಟು ಇದಕ್ಕಿಂತ ಸೂಕ್ಷ್ಮವಾದದ್ದು. ಶಬ್ದದ ಅಲೆಗಳು ಬಾಗಿದ ಗೋಡೆಯನ್ನೇ ಅಪ್ಪಿಕೊಂಡು ಸಾಗುತ್ತವೆ. ನಡುಭಾಗದ ಗಾಳಿಯಲ್ಲಿ ಹರಡಿಹೋಗಿ ಸೊರಗುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಇಂಥದೇ ಜಗಲಿಯನ್ನು ಅಭ್ಯಸಿಸಿ ಈ ವಿವರಣೆ ಕೊಟ್ಟವನು ಲಾರ್ಡ್ ರೇಲೀ. 1921ರಲ್ಲಿ ಲಂಡನ್ನಿಗೆ ಹೋಗಿದ್ದ ನಮ್ಮ ಸಿ. ವಿ. ರಾಮನ್ ಅಲ್ಲಿ ಸ್ವತಃ ಪ್ರಯೋಗ ನಡೆಸಿದರು. ಊರಿಗೆ ಮರಳಿ ಭಾರತದ ಪಿಸುದನಿಯ ಜಗಲಿಗಳ ಬಗ್ಗೆ ಬರೆದಾಗ ಗೋಳಗುಮ್ಮಟವನ್ನೂ ಅವರು ಮರೆಯಲಿಲ್ಲ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಶಬ್ದದಂತೆ ಬೆಳಕೂ ಒಂದು ಅಲೆ. ಕೂದಲೆಳೆಯಷ್ಟು ದಪ್ಪದ ಗಾಜಿನ ಗೋಲಿಯೊಳಗೆ ಬೆಳಕನ್ನು ಹಾಯಿಸಿದರೆ ಅದೂ ಒಳಗೋಡೆಯನ್ನು ಅಪ್ಪಿಕೊಂಡು ಸುತ್ತುತ್ತದೆ. ವಿಜ್ಞಾನಿಗಳು ಇದಕ್ಕೆ ಇಂದಿಗೂ ‘ಪಿಸುದನಿ ಜಗಲಿ’ಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಗೋಲಿಯ ಮೈಮೇಲೆ ಒಂದೇ ಒಂದು ವೈರಸ್ ಕಣ ಬಂದು ಕೂತರೂ ಸುತ್ತುವ ಬೆಳಕಿನಲ್ಲಿ ವ್ಯತ್ಯಾಸ ಕಾಣುತ್ತದೆ. 2008ರಲ್ಲಿ ಇನ್‌ಫ್ಲುಯೆಂಜಾ ವೈರಸ್ಸಿನ ಒಂಟಿ ಕಣವನ್ನು ಹೀಗೆ ಪತ್ತೆಹಚ್ಚಿ ತೋರಿಸಲಾಯಿತು. ಗೋಡೆಯಲ್ಲಿ ಆತ್ಮಗಳು ಮಾತಾಡುತ್ತವೆ ಎಂದು ನಂಬಿ ಅಲ್ಲಿಗೇ ಕೈಮುಗಿದು ಹಿಂದಿರುಗಿದ್ದರೆ ಈ ಎರಡನೆಯ ಬೆರಗು ನಮ್ಮ ಪಾಲಿಗೆ ಬರುತ್ತಿರಲಿಲ್ಲ. ತಿಳಿವಳಿಕೆಯು ಒಂದು ಬೆರಗನ್ನು ಬಿಡಿಸುತ್ತದೆ, ಮುಂದೆ ಇನ್ನೂ ದೊಡ್ಡದೊಂದನ್ನು ಇಡುತ್ತದೆ.

ಎದುರು ದಿಕ್ಕಿನ ಅಪಾಯ

ಇಲ್ಲಿಯವರೆಗೆ ಯಂತ್ರವು ಮಾಟವಾಗುವುದನ್ನು ಕಂಡೆವು. ಕಥೆಯು ಯಂತ್ರವಾಗಿಬಿಡುವ ಅಪಾಯವೂ ಇದೆ. ವಿದ್ಯಾರ್ಥಿಗಳು ಅದರ ಬಗ್ಗೆ ಅಷ್ಟೇ ಎಚ್ಚರವಾಗಿರಬೇಕು.

ಗಣಿತಜ್ಞ ಎರಡನೆಯ ಭಾಸ್ಕರಾಚಾರ್ಯನ ಹೆಸರು ನಿಮಗೆ ಗೊತ್ತು. 1114ರಲ್ಲಿ ಹುಟ್ಟಿದ ಈತ 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದ. ಅವನು ಹೇಳಿಕೊಂಡ ‘ವಿಜ್ಜಡವಿಡ’ ಎಂಬ ಊರು ನಮ್ಮ ವಿಜಯಪುರವೇ ಎಂದು ಕೆಲವರು ವಾದಿಸುತ್ತಾರೆ. ಅವನ ಮೊಮ್ಮಗ ಚಂಗದೇವನ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ ಪಾಟಣದಲ್ಲಿ ಸಿಕ್ಕಿರುವುದರಿಂದ ಊರು ಆ ಕಡೆಯದೆಂದು ಹಲವು ವಿದ್ವಾಂಸರ ಮತ. ಭಾಸ್ಕರನು ತನ್ನ ಗ್ರಂಥದಲ್ಲಿ ತಾನಾಗಿಯೇ ತಿರುಗುವ ಚಕ್ರವೊಂದನ್ನು ವರ್ಣಿಸುತ್ತಾನೆ: ಅರಗಳನ್ನು ಟೊಳ್ಳು ಮಾಡಿ, ಅರ್ಧ ಪಾದರಸ ತುಂಬಿ, ಬಾಯಿ ಮುಚ್ಚಿದರೆ ಪಾದರಸದ ಭಾರ ಸರಿದಾಡುತ್ತ ಚಕ್ರ ನಿಲ್ಲದೆ ತಿರುಗುತ್ತದೆಂದು. ಸುಮಾರು 1230ರಲ್ಲಿ ಫ್ರಾನ್ಸಿನ ವಿಲಾರ್ ದ ಒನಕೂರ್ ಎಂಬಾತನೂ ಇಂಥ ನಿಲ್ಲದ ಚಕ್ರದ ಚಿತ್ರ ಬರೆದ. ಹಲವು ನಾಡುಗಳು ಕಂಡ ಸುಂದರ ಕನಸು ಇದು. ಆದರೆ ಶಕ್ತಿಯನ್ನು ಶೂನ್ಯದಿಂದ ಹುಟ್ಟಿಸಲಾಗದು ಎಂಬ ನಿಯಮವು 19ನೆಯ ಶತಮಾನದಲ್ಲಿ ಸ್ಥಾಪಿತವಾಯಿತು. ಅಂಥ ಚಕ್ರ ತಿರುಗಲಾರದು. ಅದನ್ನು ‘ನಮ್ಮವರು ಮಾಡಿ ಮುಗಿಸಿದ್ದ ಯಂತ್ರ’ ಎಂದು ಹೇಳುವುದರಿಂದ ಭಾಸ್ಕರನ ನಿಜವಾದ ಹಿರಿಮೆ, ಎಂದರೆ ಅವನ ಬೀಜಗಣಿತ, ಹಿಂದಕ್ಕೆ ಸರಿಯುತ್ತದೆ.

ಭಾಸ್ಕರನ ಮಗಳು ಲೀಲಾವತಿಯ ಕಥೆಯನ್ನೂ ಕೇಳಿದ್ದೀರಿ. ಮದುವೆಯ ಮುಹೂರ್ತ ಅಳೆಯಲು ಇಟ್ಟ ಗಳಿಗೆಬಟ್ಟಲಿನೊಳಗೆ ಅವಳ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿಕೊಂಡಿತು, ಮುಹೂರ್ತ ಮೀರಿಹೋಯಿತು. ಮಗಳ ದುಃಖ ನೀಗಲು ತಂದೆ ಅವಳ ಹೆಸರಿನಲ್ಲಿ ಗಣಿತಗ್ರಂಥ ಬರೆದ. ಈ ಕಥೆ ನಮಗೆ ದೊರೆಯುವುದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ, ಭಾಸ್ಕರನ ಕಾಲಕ್ಕಿಂತ ನಾಲ್ಕು ಶತಮಾನ ಈಚೆಗೆ. ಇತಿಹಾಸವೆಂದು ಇದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಬೇಡಿ. ಆದರೆ ಕಥೆಯಾಗಿ ಇದನ್ನು ಮತ್ತೆ ಓದಿ. ವಿಧಿಯನ್ನು ಗೆಲ್ಲಲು ಜ್ಯೋತಿಷ, ಕ್ಷಣವನ್ನು ಅಳೆಯಲು ಯಂತ್ರ, ಎರಡನ್ನೂ ಸೋಲಿಸಲು ಒಂದು ಮುತ್ತು. ಕೊನೆಗೆ ಉಳಿಯುವುದು ಗಣಿತ. ಮಾಯೆ ಮತ್ತು ತಂತ್ರಜ್ಞಾನ ಬೆರೆತ ಕಿರಿಯರ ಕಥೆಗೆ ಇದಕ್ಕಿಂತ ಒಳ್ಳೆಯ ಮಾದರಿ ಅಪರೂಪ.

ಇನ್ನು ನಿಮ್ಮ ಸರದಿ

ಕನ್ನಡದಲ್ಲಿ ಈ ದಾರಿ ತುಳಿದವರಿದ್ದಾರೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ದ ಮೂಲಕ ಮಕ್ಕಳ ಕುತೂಹಲಕ್ಕೆ ವಿಜ್ಞಾನದ ಬಾಗಿಲು ತೆರೆದರು. 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ ದಶಕಗಳ ಕಾಲ ಮಾಯಾಲೋಕವನ್ನು ಮನೆಗೆ ತಂದಿತು. ಅದರ ಬೇತಾಳನಾದರೂ ದೆವ್ವವಾಗಿದ್ದುಕೊಂಡೇ ಪ್ರತಿ ಸಲವೂ ತರ್ಕದ ಪ್ರಶ್ನೆಯನ್ನೇ ಕೇಳುತ್ತಿದ್ದ. ರಾಜಶೇಖರ ಭೂಸನೂರಮಠರು ‘ಮನ್ವಂತರ’, ‘ಆಪರೇಷನ್ ಯು.ಎಫ್.ಓ.’ ಮುಂತಾದ ಕೃತಿಗಳಿಂದ ವಿಜ್ಞಾನ ಕಥೆಯನ್ನು ಕನ್ನಡದ್ದಾಗಿಸಲು ದುಡಿದರು. ಆದರೂ ನಿಮ್ಮ ವಯಸ್ಸಿನವರಿಗಾಗಿ, ನಮ್ಮ ನೆಲದ ಹೆಸರುಗಳನ್ನಿಟ್ಟುಕೊಂಡು ಬರೆದ ಇಂಥ ಕಥೆಗಳು ಇನ್ನೂ ಹೆಚ್ಚು ಬರಬೇಕಾಗಿದೆ.

ನೀವು ಬರೆಯುವುದಾದರೆ ಮೂರು ಮಾತು ನೆನಪಿರಲಿ. ಮೊದಲನೆಯದು, ಕಥೆಯ ಮಾಯೆಗೆ ಮಿತಿ ಇರಬೇಕು, ಬೆಲೆ ಇರಬೇಕು. ಏನನ್ನಾದರೂ ಮಾಡಬಲ್ಲ ಮಂತ್ರದಿಂದ ಕಥೆ ಸಾಯುತ್ತದೆ. ಎರಡನೆಯದು, ಅಸಾಧ್ಯವಾದದ್ದನ್ನು ಒಂದೇ ಒಂದು ಕಡೆ ಇಡಿ. ಉಳಿದ ನೀರು, ಕಲ್ಲು, ಹಸಿವು, ಬಸ್ಸಿನ ವೇಳೆ ಎಲ್ಲವೂ ನಿಜವಾಗಿರಲಿ. ಮೂರನೆಯದು, ಯಾವುದು ಇತಿಹಾಸ, ಯಾವುದು ಕಲ್ಪನೆ ಎಂಬುದು ಬರೆಯುವ ನಿಮಗಾದರೂ ಖಚಿತವಾಗಿ ತಿಳಿದಿರಬೇಕು. ಓದುಗನನ್ನು ಮೋಡಿ ಮಾಡಬಹುದು, ಮೋಸ ಮಾಡಬಾರದು.

ಉದಾಹರಣೆಗೆ ಒಂದು ಎಳೆ ಕೊಡುತ್ತೇನೆ. ತಿಕೋಟಾದ ಕಾಲೇಜು ಹುಡುಗಿಯೊಬ್ಬಳು ಕರೇಜಿನ ಹಳೆಯ ಕಿಂಡಿಯೊಳಗೆ ಧ್ವನಿಗ್ರಾಹಕವನ್ನು ಇಳಿಬಿಡುತ್ತಾಳೆ. ನೀರಿನ ಸದ್ದಿನ ಜೊತೆಗೆ ಅವಳಿಗೆ ಯಾರೋ ಎಣಿಸುವ ದನಿ ಕೇಳುತ್ತದೆ. ಅದು 1651ರಲ್ಲಿ ಕೊಳವೆಯ ಇಳಿಜಾರು ಅಳೆಯುತ್ತಿದ್ದ ಕೆಲಸಗಾರನ ದನಿ. ಅಸಾಧ್ಯವಾದದ್ದು ಇದೊಂದೇ. ಅವನು ದಿನಕ್ಕೊಂದು ಅಂಕಿ ಮಾತ್ರ ಹೇಳುತ್ತಾನೆ. ಹೂಳು ಏರುತ್ತ ಹೋದಂತೆ ದನಿ ಕ್ಷೀಣಿಸುತ್ತದೆ. ಅಂಕಿಗಳೆಲ್ಲ ಸಿಕ್ಕರೆ ನೀರಿನ ದಾರಿ ತಿಳಿಯುತ್ತದೆ. ಅವಳು ಊರಿನವರನ್ನು ಕೂಡಿಸಿ ಹೂಳು ತೆಗೆಸಬಲ್ಲಳೇ? ದನಿ ಪೂರ್ತಿ ನಿಲ್ಲುವ ಮೊದಲು ಸಾಧ್ಯವಾದೀತೇ? ಮುಂದಿನದನ್ನು ನೀವು ಬರೆಯಿರಿ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ‘ಅಲ್ಲಿಗೆ ಹೋಗಬೇಡ, ಅಲ್ಲಿ ಏನೋ ಇದೆ’ ಎಂದು ಹಿರಿಯರು ಹೇಳುವ ಬಾವಿಯೋ, ಗುಮ್ಮಟವೋ, ಪಾಳುಗೋಡ



ೆಯೋ ಇದ್ದೇ ಇರುತ್ತದೆ. ದೊಡ್ಡವರೊಬ್ಬರನ್ನು ಕರೆದುಕೊಂಡು ಹಗಲು ಹೊತ್ತಿನಲ್ಲಿ ಅಲ್ಲಿಗೆ ಹೋಗಿ. ಒಳಗೆ ಇಳಿಯಬೇಡಿ, ಹೊರಗಿನಿಂದಲೇ ಅದರ ಉದ್ದ ಅಗಲ ಅಳೆಯಿರಿ, ಕಲ್ಲಿನ ಮೇಲೆ ಬರಹವಿದ್ದರೆ ನಕಲು ಮಾಡಿಕೊಳ್ಳಿ, ಯಾರು ಕಟ್ಟಿಸಿದರೆಂದು ವಿಚಾರಿಸಿ. ಅಜ್ಜ ಅಜ್ಜಿಯರು ಹೇಳುವ ದೆವ್ವದ ಕಥೆಯನ್ನೂ ತಪ್ಪದೆ ಬರೆದುಕೊಳ್ಳಿ. ನೋಟುಪುಸ್ತಕದ ಎಡಪುಟದಲ್ಲಿ ಕಥೆ ಇರಲಿ, ಬಲಪುಟದಲ್ಲಿ ಅಳತೆ ಇರಲಿ. ಎರಡೂ ಪುಟಗಳು ತುಂಬಿದ ದಿನ ನಿಮ್ಮ ಮೊದಲ ಕಥೆಗೆ ಬೇಕಾದ ಸಾಮಗ್ರಿ ನಿಮ್ಮ ಕೈಯಲ್ಲಿರುತ್ತದೆ.